ಗೇಟಿನ ಹೊರಗೆ ನಿಂತ ಲಾರಿ: ಹಾಲ್ಟಿಂಗ್ ತಗ್ಗಿಸಲು ಎಐ ಬಳಸುವ ಬಗೆ

ದಾಬಸ್‌ಪೇಟೆಯ ಒಂದು ಗೋಡೌನಿಗೆ, ಹುಬ್ಬಳ್ಳಿಗೆ ಹೋಗುವ ಮಾಲು ತುಂಬಲು ಬಂದ 32 ಅಡಿ ಕಂಟೈನರ್ ಲಾರಿಯ ಒಂದು ದಿನದ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6.50ಕ್ಕೆ ರಸ್ತೆ ಬದಿಗೆ ಬಂದು ನಿಂತಿತು. 10.15ಕ್ಕೆ ಗೇಟಿನೊಳಗೆ ಬಿಟ್ಟರು. 12.30ಕ್ಕೆ ಡಾಕ್, ಅಂದರೆ ಮಾಲು ಏರಿಸುವ ಕಟ್ಟೆ, ಸಿಕ್ಕಿತು. 12.55ಕ್ಕೆ ಹಮಾಲರು ಕೈ ಹಚ್ಚಿದರು, 2.45ಕ್ಕೆ ಲೋಡ್ ಮುಗಿಯಿತು. ಇನ್‌ವಾಯ್ಸ್, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಕೈಗೆ ಬಂದು ಲಾರಿ ಹೊರಬಿದ್ದಾಗ 4.05. ಒಟ್ಟು 9 ಗಂಟೆ 15 ನಿಮಿಷ. ಅದರಲ್ಲಿ ಮಾಲು ಏರಿದ್ದು 1 ಗಂಟೆ 50 ನಿಮಿಷ.

ತಿಂಗಳ ಕೊನೆಗೆ ಹಾಲ್ಟಿಂಗ್ ಬಿಲ್, ಅಂದರೆ ಲಾರಿ ಕಾದು ನಿಂತ ಹೊತ್ತಿನ ಬಿಲ್, ಬಂದಾಗ ಜಗಳ ಶುರು. ಕರಾರಿನಲ್ಲಿ 6 ಗಂಟೆ ಉಚಿತ ಎಂದಿದೆ. ಟ್ರಾನ್ಸ್‌ಪೋರ್ಟಿನವರು 6.50ರಿಂದ ಎಣಿಸಿ 3 ಗಂಟೆ 15 ನಿಮಿಷಕ್ಕೆ ದುಡ್ಡು ಕೇಳುತ್ತಾರೆ. ಕಂಪನಿಯವರು ಗೇಟ್ ರಿಜಿಸ್ಟರ್ ಬಿಚ್ಚಿ 10.15ರಿಂದ ಎಣಿಸುತ್ತಾರೆ: 5 ಗಂಟೆ 50 ನಿಮಿಷ, ಹಾಲ್ಟಿಂಗೇ ಇಲ್ಲ. ಕೂಡಿಸುವುದರಲ್ಲಿ ಇಬ್ಬರೂ ತಪ್ಪಿಲ್ಲ. ಎಲ್ಲಿಂದ ಎಣಿಸಬೇಕು ಎಂಬುದು ಮಾತ್ರ ತೀರ್ಮಾನವಾಗಿಲ್ಲ.

ಎಐ ಬಂದರೆ ಹಮಾಲರ ಕೈ ಚುರುಕಾಗುವುದಿಲ್ಲ. ಯಾವ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ಬಂದ ಮೇಲೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮುಂಚೆಯೇ ಹೇಳಿ, ಅದಕ್ಕೆ ತಕ್ಕಂತೆ ಸರದಿ ಹಂಚುವುದಷ್ಟೇ ಅದರ ಕೆಲಸ. ಅಷ್ಟಾದರೂ ಸಾಕಷ್ಟಾಯಿತು, ಆದರೆ ಅದಕ್ಕೆ ಉಣಿಸಲು ಸರಿಯಾದ ಸಮಯದ ದಾಖಲೆ ಬೇಕು. ಕೆಳಗಿನ ಕ್ರಮ ದಿನಕ್ಕೆ 20ರಿಂದ 60 ಲಾರಿ ಬಂದುಹೋಗುವ ಗೋಡೌನು, ಕಾರ್ಖಾನೆಗಳಿಗೆ ಒಗ್ಗುವಂಥದ್ದು. ಟ್ರಾನ್ಸ್‌ಪೋರ್ಟ್ ಆಫೀಸಿನವರು ತಮ್ಮ ಕಡೆಯಿಂದ ಮೊದಲ ಹೆಜ್ಜೆಯನ್ನೂ ಕೊನೆಯ ಎರಡನ್ನೂ ಮಾಡಬಹುದು.

1. ಆರು ಸಮಯ ಬರೆದಿಡಿ

ಪ್ರತಿ ಲಾರಿಗೂ ಆರು ಸಮಯ: ಬಂದು ನಿಂತದ್ದು, ಗೇಟ್ ದಾಟಿದ್ದು, ಡಾಕಿಗೆ ಹತ್ತಿದ್ದು, ಲೋಡಿಂಗ್ ಶುರುವಾದದ್ದು, ಲೋಡಿಂಗ್ ಮುಗಿದದ್ದು, ಕಾಗದ ಸಮೇತ ಹೊರಬಿದ್ದದ್ದು. ಹೆಚ್ಚಿನ ಕಡೆ ರಿಜಿಸ್ಟರಿನಲ್ಲಿ ಸಿಗುವುದು ಎರಡನೆಯದು ಮತ್ತು ಆರನೆಯದು ಮಾತ್ರ. ಮೇಲಿನ ಉದಾಹರಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯುವಿಕೆ, 3 ಗಂಟೆ 25 ನಿಮಿಷ, ಗೇಟಿನ ಹೊರಗೇ ಕಳೆದುಹೋಗಿದೆ. ಅದು ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ.

ಮೊದಲನೆಯ ಸಮಯ ಹಿಡಿಯಲು ಜಿಪಿಎಸ್ ಮೇಲೆ ಗಡಿ ಹಾಕಬೇಕು. ಗೇಟನ್ನು ನಡುವಿಟ್ಟು 500 ಮೀಟರಿನ ವೃತ್ತ ಎಳೆಯುವುದು ಸುಲಭ, ಆದರೆ ತಪ್ಪು. ಪಕ್ಕದ ಹೆದ್ದಾರಿಯಲ್ಲಿ ಸುಮ್ಮನೆ ಹಾದುಹೋಗುವ ಲಾರಿಯೂ ಅದರೊಳಗೆ ಬೀಳುತ್ತದೆ. ನಕ್ಷೆಯ ಮೇಲೆ ಕೈಯಾರೆ ಎರಡು ಆಕಾರ ಬಿಡಿಸಿ. ಒಂದು, ಲಾರಿಗಳು ನಿಜವಾಗಿ ಸಾಲುಗಟ್ಟುವ ರಸ್ತೆ ಬದಿ, ಖಾಲಿ ಜಾಗ, ಡಾಬಾ ಸೇರಿದ ಹೊರಗಡಿ. ಇನ್ನೊಂದು, ಕಾಂಪೌಂಡಿನ ಒಳಗಡಿ. ಹೊರಗಡಿಯೊಳಗೆ ಎರಡು ಸಲ ಸತತವಾಗಿ ವೇಗ ಸೊನ್ನೆ ತೋರಿದರೆ ಮಾತ್ರ ‘ಬಂದು ನಿಂತಿದೆ’ ಎಂದು ಗುರುತಿಸಿ. ಜಿಪಿಎಸ್ 5 ನಿಮಿಷಕ್ಕೊಮ್ಮೆ ಸುದ್ದಿ ಕಳಿಸುವಂತಿದ್ದರೆ ಸಾಕು. ಡ್ರೈವರ್ ಮೊಬೈಲಿನ ಸಿಮ್ ಆಧರಿಸಿದ ಟ್ರ್ಯಾಕಿಂಗ್ ಟವರ್ ಲೆಕ್ಕದ್ದು, ಕಿಲೋಮೀಟರ್‌ಗಟ್ಟಲೆ ಆಚೀಚೆಯಾಗಬಹುದು. ಹೆದ್ದಾರಿಯಲ್ಲಿ ಎಲ್ಲಿದ್ದಾರೆ ಎಂದು ತಿಳಿಯಲು ಅದು ಸಾಲುತ್ತದೆ, ಗೇಟಿಗೆ ಬಂದರೋ ಇಲ್ಲವೋ ಎನ್ನಲು ಸಾಲದು.

ಒಳಗಿನ ಸಮಯಗಳಿಗೆ ಕ್ಯಾಮೆರಾ ಕೊಳ್ಳುವ ಆತುರ ಬೇಡ. ದಿನಕ್ಕೆ 40ಕ್ಕಿಂತ ಕಡಿಮೆ ಲಾರಿ ಇದ್ದರೆ ಗೇಟ್ ಪಾಸಿನ ಮೇಲೊಂದು ಕ್ಯೂಆರ್ ಕೋಡ್, ಸೆಕ್ಯೂರಿಟಿ ಮತ್ತು ಡಾಕ್ ಸೂಪರ್‌ವೈಸರ್ ಕೈಯಲ್ಲೊಂದು ಫೋನ್ ಸಾಕು. ಅದಕ್ಕೂ ಹೆಚ್ಚಿದ್ದರೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿ. ಅದರಲ್ಲೂ ನಮ್ಮ ಲಾರಿಗಳ ಪ್ಲೇಟು ಪ್ರಯೋಗಾಲಯದ ಪ್ಲೇಟಲ್ಲ. ಕೆಸರು ಮೆತ್ತಿರುತ್ತದೆ, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಸರಿಯಾಗಿ ಒಂದು ಅಂಕಿಯ ಮುಂದೆ ತೂಗುತ್ತಿರುತ್ತದೆ. 8 ಮತ್ತು ಬಿ, 0 ಮತ್ತು ಡಿ ಅದಲುಬದಲಾಗುತ್ತವೆ. ಪರಿಹಾರ ಎರಡಿವೆ. ಕೆಎ 52ರಂಥ ನೋಂದಣಿಯಲ್ಲಿ ಮೊದಲೆರಡು ಅಕ್ಷರ, ಆಮೇಲೆ ಅಂಕಿ, ಮತ್ತೆ ಅಕ್ಷರ, ಕೊನೆಗೆ ನಾಲ್ಕು ಅಂಕಿ ಎಂಬ ಕ್ರಮವನ್ನು ನಿಯಮವಾಗಿ ಹಾಕಿದರೆ ಅಂಕಿಯ ಜಾಗದಲ್ಲಿ ಬಂದ ಬಿ ತಾನಾಗಿ 8 ಆಗುತ್ತದೆ. ಎರಡನೆಯದು, ಆ ದಿನ ಬರಬೇಕಾದ ಲಾರಿಗಳ ಪಟ್ಟಿಯೊಂದಿಗೆ ಹೋಲಿಸುವುದು. 50 ನಂಬರಿನ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೂ ಲಾರಿ ಯಾವುದೆಂದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಬರೆದ ಸಮಯ ನಿಜವೋ ಸುಳ್ಳೋ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಗಂಟೆಯ 60 ನಿಮಿಷಗಳಲ್ಲಿ 0 ಅಥವಾ 5ರಲ್ಲಿ ಕೊನೆಯಾಗುವವು 12, ಅಂದರೆ ಶೇ 20. ನಿಮ್ಮ ರಿಜಿಸ್ಟರಿನಲ್ಲಿ ಅಂಥ ನಮೂದು ಶೇ 60 ಇದ್ದರೆ ಪಾಳಿ ಮುಗಿಯುವಾಗ ಒಟ್ಟಿಗೆ ಕೂತು ಅಂದಾಜಿನಲ್ಲಿ ಬರೆದಿದ್ದಾರೆ ಎಂದೇ ಅರ್ಥ. ಆ ಲೆಕ್ಕ ಉಣಿಸಿ ಎಂಥ ಎಐ ಕಟ್ಟಿದರೂ ಅದು ಸೆಕ್ಯೂರಿಟಿಯ ಅಂದಾಜನ್ನೇ ಕಲಿಯುತ್ತದೆ. ಕ್ಯಾಮೆರಾ, ಕಂಪ್ಯೂಟರ್, ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಮೂರರ ಗಡಿಯಾರವನ್ನೂ ಒಂದೇ ಸಮಯಕ್ಕೆ ಕೂಡಿಸಿ. ಇಲ್ಲದಿದ್ದರೆ ಲಾರಿ ಒಳಗೆ ಬರುವ ಮೊದಲೇ ತೂಕವಾದಂತೆ ಕಾಣುತ್ತದೆ.

ಯಾವ ಹಂತದಲ್ಲೇ ಆಗಲಿ 30 ನಿಮಿಷ ಮೀರಿದ ಕಾಯುವಿಕೆಗೆ ಕಾರಣ ಗುರುತಿಸಿ: ಮಾಲು ತಯಾರಿಲ್ಲ, ಡಾಕ್ ಖಾಲಿ ಇಲ್ಲ, ಹಮಾಲರಿಲ್ಲ, ಊಟ ಅಥವಾ ಪಾಳಿ ಬದಲು, ಇನ್‌ವಾಯ್ಸ್ ಆಗಿಲ್ಲ, ತೂಕ ತಾಳೆಯಾಗಿಲ್ಲ, ಲಾರಿಯೇ ಸರಿಯಿಲ್ಲ. ಎಂಟಕ್ಕಿಂತ ಹೆಚ್ಚು ಕಾರಣ ಕೊಟ್ಟರೆ ಯಾರೂ ಓದಿ ಆರಿಸುವುದಿಲ್ಲ, ಮೊದಲನೆಯದನ್ನೇ ಒತ್ತುತ್ತಾರೆ. ‘ಇತರೆ’ ಶೇ 10 ದಾಟಿದರೆ ಪಟ್ಟಿ ತಿದ್ದಿ.

2. ಎಐಗೆ ಮುಂಚೆ ಕೂಡಿಸಿ ಕಳೆದು ನೋಡಿ

ಎರಡು ವಾರದ ದಾಖಲೆ ಸಿಕ್ಕಿದೊಡನೆ ಯಾವ ಹಂತ ಎಷ್ಟು ಹೊತ್ತು ತಿನ್ನುತ್ತಿದೆ ಎಂದು ನೋಡಿ. ಲೋಡ್ ಮುಗಿದ ಮೇಲೆ ಕಾಗದಕ್ಕೇ ಒಂದೂವರೆ ಗಂಟೆ ಹೋಗುತ್ತಿದ್ದರೆ ಅದಕ್ಕೆ ಎಐ ಬೇಡ, ಬಿಲ್ಲಿಂಗ್ ಕ್ಲರ್ಕಿನ ಊಟದ ಹೊತ್ತಿಗೆ ಇನ್ನೊಬ್ಬರನ್ನು ಕೂರಿಸಿದರಾಯಿತು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದ ಲಾರಿಯನ್ನು ಬೆಳಿಗ್ಗೆ 11ಕ್ಕೆ ಗೇಟಿನಲ್ಲಿ ತಿರುಗಿಸಿ ಕಳಿಸುವುದನ್ನು ತಪ್ಪಿಸಲೂ ಎಐ ಬೇಡ. 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆಗೆ ಬಂದ ಯುಲಿಪ್ ಎಂಬ ಸರ್ಕಾರಿ ಮಾಹಿತಿ ವೇದಿಕೆಯ ಮೂಲಕ ವಾಹನ್ (ವಾಹನ ನೋಂದಣಿ), ಸಾರಥಿ (ಡ್ರೈವಿಂಗ್ ಲೈಸೆನ್ಸ್) ದಾಖಲೆಗಳನ್ನು ನೋಡಬಹುದು. ಲಾರಿ ನಂಬರ್ ಬಂದ ಹಿಂದಿನ ಸಂಜೆಯೇ ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಡ್ರೈವರ್ ಲೈಸೆನ್ಸ್ ನಾಲ್ಕನ್ನೂ ತಾಳೆ ನೋಡಿಬಿಡಿ.

ಡಾಕಿನ ಕಾಯುವಿಕೆ ಬೇರೆ ಜಾತಿಯದು, ಎಐಗೆ ನಿಜವಾದ ಕೆಲಸ ಇರುವುದು ಅಲ್ಲಿ. ಒಂದೇ ಡಾಕ್, ಒಂದು ಲಾರಿಗೆ ಸರಾಸರಿ 1 ಗಂಟೆ, ಲಾರಿಗಳು ಮನಸ್ಸಿಗೆ ಬಂದಂತೆ ಬರುತ್ತವೆ, ಲೋಡಿಂಗ್ ಹೊತ್ತೂ ಹಾಗೇ ಏರಿಳಿಯುತ್ತದೆ ಎನ್ನಿ. ಡಾಕ್ ದಿನದ ಶೇ 80ರಷ್ಟು ಹೊತ್ತು ಬಿಜಿಯಿದ್ದರೆ ಸರದಿಯಲ್ಲಿ ಸರಾಸರಿ 4 ಗಂಟೆ ಕಾಯಬೇಕು. ಶೇ 90 ಆದರೆ 9 ಗಂಟೆ. ಡಾಕ್ ಬಿಜಿ ಹೆಚ್ಚಿದ್ದು ನೂರರಲ್ಲಿ ಹತ್ತು ಪಾಲು, ಕಾಯುವಿಕೆ ಎರಡು ಪಟ್ಟಿಗೂ ಮಿಕ್ಕಿತು. ಡಾಕ್‌ಗಳು ಹೆಚ್ಚಿದ್ದರೆ ಗಂಟೆಗಳು ಇಷ್ಟಿರುವುದಿಲ್ಲ, ಆದರೆ ಏರುವ ರೀತಿ ಇದೇ. ಈಗ ಲಾರಿಗಳು ಲೋಡಾಗುವ ಹೊತ್ತು ಏರಿಳಿಯದೆ ಒಂದೇ ಸಮ ಇದ್ದರೆ ಇದೇ ಕಾಯುವಿಕೆ ಅರ್ಧಕ್ಕಿಳಿಯುತ್ತದೆ. ಬರುವ ಹೊತ್ತೂ ಕ್ರಮಕ್ಕೆ ಬಂದರೆ ಇನ್ನೂ ಇಳಿಯುತ್ತದೆ. ಒಬ್ಬ ಹಮಾಲನನ್ನೂ ಹೆಚ್ಚಿಸಿಲ್ಲ, ಒಂದು ಡಾಕನ್ನೂ ಕಟ್ಟಿಲ್ಲ. ಎಐನಿಂದ ಬಯಸಬೇಕಾದ್ದು ಇದೇ: ವೇಗವಲ್ಲ, ಏರುಪೇರು ತಗ್ಗಿಸುವುದು.

3. ಎರಡು ಅಂದಾಜು ಕಲಿಸಿ

ದಿನಕ್ಕೆ 30 ಲಾರಿ, ತಿಂಗಳಿಗೆ 25 ದಿನ, ಮೂರು ತಿಂಗಳು: 2,250 ಸಾಲು. ರಾಶಿ ದಾಖಲೆ ಬೇಡುವ ಡೀಪ್ ಲರ್ನಿಂಗ್‌ಗೆ ಇದು ಸಾಲದು, ಎಕ್ಸ್‌ಜಿಬೂಸ್ಟ್, ಲೈಟ್‌ಜಿಬಿಎಂನಂಥ ‘ಡಿಸಿಷನ್ ಟ್ರೀ’ ಮಾದರಿಗಳಿಗೆ (ಹಳೆಯ ದಾಖಲೆಯಿಂದ ಅಂದಾಜು ಕಲಿಯುವ ಪ್ರೋಗ್ರಾಂಗಳಿಗೆ) ಸಾಕು. ಒಂದು ಮಾದರಿ ಲಾರಿ ಬರುವ ಹೊತ್ತಿಗೆ, ಇನ್ನೊಂದು ಡಾಕಿನಲ್ಲಿ ಹಿಡಿಯುವ ಹೊತ್ತಿಗೆ. ಎರಡನ್ನೂ ಬೆರೆಸಬೇಡಿ.

ಬರುವ ಹೊತ್ತಿಗೆ: ಈಗಿರುವ ಜಾಗ, ಉಳಿದ ದೂರ, ಕೊನೆಯ ಟೋಲ್ ದಾಟಿದ ಸಮಯ, ವಾರ, ಗಂಟೆ, ನಗರದೊಳಗೆ ಭಾರಿ ವಾಹನ ಬಿಡದ ಅವಧಿ, ಆ ಟ್ರಾನ್ಸ್‌ಪೋರ್ಟಿನ ಹಿಂದಿನ ರೂಢಿ. ಜಿಪಿಎಸ್ ಇಲ್ಲದ ಲಾರಿಗೆ ಫಾಸ್ಟ್ಯಾಗ್ ದಾಖಲೆ ದೊಡ್ಡ ಆಸರೆ, ಅದೂ ಯುಲಿಪ್‌ನಲ್ಲಿ ಸಿಗುತ್ತದೆ. ಡಾಕಿನ ಹೊತ್ತಿಗೆ: ಮಾಲಿನ ಬಗೆ, ಚೀಲವೋ ಪೆಟ್ಟಿಗೆಯೋ ಪ್ಯಾಲೆಟ್ಟೋ, ಎಷ್ಟು ನಗ, ಎಷ್ಟು ಬಗೆಯ ಮಾಲು, ಲಾರಿಯ ಬಾಡಿ ತೆರೆದದ್ದೋ ಮುಚ್ಚಿದ್ದೋ, ಟಾರ್ಪಾಲ್ ಕಟ್ಟಬೇಕೋ, ಹಮಾಲರ ಗ್ಯಾಂಗಿನಲ್ಲಿ ಎಷ್ಟು ಜನ. 20 ಟನ್ ಒಂದೇ ಬಗೆಯ 50 ಕೆ.ಜಿ. ಚೀಲ ಅಂದರೆ 400 ಚೀಲ, ಎಣಿಸುವುದೂ ಸುಲಭ. ಅದೇ 6 ಟನ್ನಿನಲ್ಲಿ 40 ಬಗೆಯ ಪೆಟ್ಟಿಗೆ ಇದ್ದರೆ ಎಷ್ಟೋ ಸಲ ಅದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಟನ್ನಿನಿಂದ ಸಮಯ ಅಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಸರಾಸರಿ ಕೇಳಬೇಡಿ, ಎರಡು ಅಂಕಿ ಕೇಳಿ: ಅರ್ಧ ಲಾರಿಗಳು ಮುಗಿಯುವ ಹೊತ್ತು, ಹತ್ತರಲ್ಲಿ ಎಂಟು ಮುಗಿಯುವ ಹೊತ್ತು. ಇದಕ್ಕೆ ಕ್ವಾಂಟೈಲ್ ಅಂದಾಜು ಎನ್ನುತ್ತಾರೆ, ಮೇಲೆ ಹೇಳಿದ ಎರಡೂ ಮಾದರಿಗಳಲ್ಲಿ ಇದೆ. ಸರಾಸರಿ ಹಿಡಿದು ಸರದಿ ಕೊಟ್ಟರೆ ಹೆಚ್ಚುಕಮ್ಮಿ ಅರ್ಧ ಲಾರಿಗಳು ಕೊಟ್ಟ ಹೊತ್ತು ಮೀರುತ್ತವೆ, ಮೊದಲ ತಡ ಹಿಂದಿನವರ ಮೇಲೆಲ್ಲ ಬೀಳುತ್ತದೆ.

ಇಲ್ಲಿ ಎಡವುವ ಜಾಗ ಮೂರು. ಒಂದು, ಲೋಡ್ ಮುಗಿದ ಮೇಲಷ್ಟೇ ಗೊತ್ತಾಗುವ ನಿಜವಾದ ತೂಕವನ್ನು ಮಾದರಿಗೆ ಕೊಟ್ಟುಬಿಡುವುದು. ಪರೀಕ್ಷೆಯಲ್ಲಿ ಅದು ಬಲು ಜಾಣ ಎನಿಸುತ್ತದೆ, ಗೇಟಿನಲ್ಲಿ ಸೋಲುತ್ತದೆ. ಎರಡು, ಸಾಲುಗಳನ್ನು ಕಲಸಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಇಡುವುದು. ಮೊದಲ ಹತ್ತು ವಾರ ಕಲಿಸಿ, ಕೊನೆಯ ಎರಡು ವಾರದಲ್ಲಿ ಪರೀಕ್ಷಿಸಿ. ಮೂರು, ಹಬ್ಬ. ಆಯುಧಪೂಜೆಯ ದಿನ ಲಾರಿಗೆ ಕುಂಬಳಕಾಯಿ ಒಡೆಯುವವರೆಗೆ ಅದು ಕದಲುವುದಿಲ್ಲ. ಆಯುಧಪೂಜೆ, ಯುಗಾದಿ, ದೀಪಾವಳಿ ವರ್ಷವರ್ಷ ತಾರೀಖು ಬದಲಿಸುವುದರಿಂದ ‘ಹಬ್ಬಕ್ಕೆ ಇನ್ನೆಷ್ಟು ದಿನ’ ಎಂಬ ಅಂಕಣವನ್ನೇ ಸೇರಿಸಬೇಕು. ಮಂಗಳೂರು ಕಡೆಯಿಂದ ಮಾಲು ಬರುವವರಿಗೆ ಮಳೆಗಾಲದ ಶಿರಾಡಿ ಘಾಟಿ ಇನ್ನೊಂದು ತಲೆನೋವು. ಮಣ್ಣು ಕುಸಿದು ದಾರಿ ಮುಚ್ಚಿದ ದಿನ ಯಾವ ಮಾದರಿಯ ಅಂದಾಜೂ ನಿಲ್ಲದು, ಡಿಸ್ಪ್ಯಾಚ್ ಮ್ಯಾನೇಜರ್ ಕೈಯಿಂದ ಸಮಯ ತಿದ್ದುವ ಗುಂಡಿ ಇರಲೇಬೇಕು.

‘ಇದೇ ಮಾಲು, ಇದೇ ಬಗೆಯ ಲಾರಿಗೆ ಹಿಂದೆ ಆದ ನಡುವಿನ ಹೊತ್ತು’ ಎಂಬ ಎಕ್ಸೆಲ್ ಲೆಕ್ಕದ ತಪ್ಪಿಗಿಂತ ಮಾದರಿಯ ತಪ್ಪು ಕನಿಷ್ಠ ಶೇ 15 ಕಡಿಮೆ ಇಲ್ಲದಿದ್ದರೆ ಮಾದರಿ ಬಿಟ್ಟುಬಿಡಿ, ಎಕ್ಸೆಲ್ಲೇ ಇರಲಿ. ಇದರಲ್ಲಿ ನಾಚಿಕೆಯೇನಿಲ್ಲ.

4. ಸರದಿ ಹಂಚುವುದು

ಅಂದಾಜು ಕೈಗೆ ಬಂದ ಮೇಲೆ ಯಾವ ಲಾರಿಗೆ ಯಾವ ಡಾಕ್, ಎಷ್ಟು ಹೊತ್ತಿಗೆ ಎಂದು ಹೊಂದಿಸುವುದು ಒಗಟು ಬಿಡಿಸುವ ಕೆಲಸ. ಗೂಗಲ್ ಉಚಿತವಾಗಿ ಕೊಡುವ ಓಆರ್-ಟೂಲ್ಸ್ ತಂತ್ರಾಂಶ ಇದಕ್ಕೆ ಧಾರಾಳ ಸಾಕು. ನೀವು ಹೇಳಬೇಕಾದ್ದು ನಿಯಮಗಳನ್ನು: ಯಾವ ಡಾಕಿನಲ್ಲಿ ಯಾವ ಮಾಲು, ಗ್ಯಾಂಗ್ ಎಷ್ಟು, ಊಟದ ಹೊತ್ತು ಯಾವುದು, ಫೋರ್ಕ್‌ಲಿಫ್ಟ್ ಎಷ್ಟು.

ಎಲ್ಲರಿಗೂ ಒಂದೊಂದು ಗಂಟೆ ಎಂದು ಹಂಚಬೇಡಿ. ಲಾರಿಗೆ ತಕ್ಕ ಹೊತ್ತು ಕೊಡಿ, ಹತ್ತರಲ್ಲಿ ಎಂಟು ಮುಗಿಯುವ ಅಂಕಿಯನ್ನೇ ಹಿಡಿಯಿರಿ. ದಿನದ ಡಾಕ್ ಹೊತ್ತಿನಲ್ಲಿ ಶೇ 15ರಿಂದ 20 ಖಾಲಿ ಬಿಡಿ. ಮಾಲೀಕರಿಗೆ ಖಾಲಿ ಡಾಕ್ ಕಂಡರೆ ಹೊಟ್ಟೆ ಉರಿಯುತ್ತದೆ, ಅವರಿಗೆ ಮೇಲಿನ 4 ಗಂಟೆ, 9 ಗಂಟೆಯ ಲೆಕ್ಕ ತೋರಿಸಿ.

ಲೆಕ್ಕ 15 ನಿಮಿಷಕ್ಕೊಮ್ಮೆ ಹೊಸದಾಗಿ ಓಡಲಿ, ಆದರೆ ಮುಂದಿನ 2 ಗಂಟೆಯ ಸರದಿ ಕದಲಬಾರದು. ಇದನ್ನು ಮರೆತು ಕೆಟ್ಟ ವ್ಯವಸ್ಥೆಗಳು ಬಹಳ. 9ಕ್ಕೆ ಬನ್ನಿ, ಇಲ್ಲ 9.40ಕ್ಕೆ ಬನ್ನಿ, ಇಲ್ಲ 9.10 ಎಂದು ಮೂರು ಸಲ ಸುದ್ದಿ ಹೋದರೆ ನಾಲ್ಕನೆಯದನ್ನು ಡ್ರೈವರ್ ತೆರೆದೂ ನೋಡುವುದಿಲ್ಲ, ಬೆಳಿಗ್ಗೆ 5ಕ್ಕೇ ಬಂದು ಗೇಟಿಗೆ ಮೂಗು ಹಚ್ಚಿ ನಿಲ್ಲುತ್ತಾರೆ. ತಡವಾಗಿ ಬಂದವರನ್ನು ಸಾಲಿನ ಕೊನೆಗೆ ತಳ್ಳಬೇಡಿ, ಮುಂದಿನ ಖಾಲಿ ಹೊತ್ತಿಗೆ ಸೇರಿಸಿ. ಬೇಗ ಬಂದವರಿಗೆ ನಿಲ್ಲಲು ಜಾಗ, ನೀರು, ಶೌಚಾಲಯ ಇರಲಿ, ಡಾಕ್ ಬೇಡ. ‘ಬೇಗ ಬಂದರೆ ಬೇಗ ಬಿಡುತ್ತಾರೆ’ ಎಂಬ ನಂಬಿಕೆ ಇರುವವರೆಗೆ ಯಾವ ಸರದಿಯೂ ನಿಲ್ಲದು.

5. ಡ್ರೈವರ್ ಜೊತೆ ಮಾತು

ಸುದ್ದಿ ಚಿಕ್ಕದಿರಲಿ, ಅವರ ಭಾಷೆಯಲ್ಲಿರಲಿ: ‘ಅಣ್ಣ, ನಿಮ್ಮ ಲಾರಿಗೆ ಡಾಕ್ 4, ಬೆಳಿಗ್ಗೆ 10.30. ಅದಕ್ಕೆ ಮೊದಲು ಬಂದರೆ ಒಳಗೆ ಬಿಡುವುದಿಲ್ಲ, ನಿದ್ದೆ ಮುಗಿಸಿ ಬನ್ನಿ. ಈಗ ಎಲ್ಲಿದ್ದೀರಿ?’ ಇದೇ ಮಾತು ಹಿಂದಿ, ತಮಿಳಿನಲ್ಲೂ ಹೋಗಬೇಕು. ಉತ್ತರ ಬಹುಪಾಲು ವಾಯ್ಸ್ ಮೆಸೇಜ್ ಆಗಿ ಬರುತ್ತದೆ. ಮಾತನ್ನು ಬರಹ ಮಾಡಲು ಕೇಂದ್ರ ಸರ್ಕಾರದ ಭಾಷಿಣಿ ಇದೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮುಕ್ತ ಮಾದರಿಗಳಿವೆ.

‘ತುಮಕೂರು ಟೋಲ್ ಹತ್ರ ಇದೀನಿ ಸಾ, ಊಟ ಮಾಡ್ಕಂಡು ಬತ್ತೀನಿ’ ಎಂಬ ಉತ್ತರ ಬಂದರೆ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಯಿಂದ ಎರಡೇ ವಿಷಯ ತೆಗೆಸಿ: ಜಾಗ ತುಮಕೂರು ಟೋಲ್, ನಡುವೆ ಊಟದ ನಿಲುಗಡೆ ಇದೆ. ಎಷ್ಟು ಗಂಟೆಗೆ ಬರುತ್ತಾರೆ ಎಂದು ಅದನ್ನೇ ಕೇಳಬೇಡಿ, ಒಂದು ಸಮಯವನ್ನು ಧೈರ್ಯವಾಗಿ ಹುಟ್ಟಿಸಿ ಹೇಳಿಬಿಡುತ್ತದೆ. ಸಮಯದ ಲೆಕ್ಕ ಮೂರನೆಯ ಹೆಜ್ಜೆಯ ಮಾದರಿಯದು. ಜಾಗದ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಸುದ್ದಿ ನೇರ ಡಿಸ್ಪ್ಯಾಚ್ ಹುಡುಗನ ಫೋನಿಗೆ ಹೋಗಲಿ. ಇನ್ನು ‘ಐದೇ ನಿಮಿಷ ಸಾ’ ಎಂಬುದನ್ನು ಸಮಯವೆಂದು ಓದುವ ವ್ಯವಸ್ಥೆ ಕಟ್ಟಿದವರು ಯಾವತ್ತೂ ಲಾರಿಗಾಗಿ ಕಾದವರಲ್ಲ.

ಜಾಗ ನೋಡಲು ಡ್ರೈವರಿನ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ಮಾತು ಒಂದು ಕಡೆ, ಮರ್ಯಾದೆಯ ಮಾತು ಇನ್ನೊಂದು ಕಡೆ. ಮಾಲು ಇಳಿದೊಡನೆ ಟ್ರ್ಯಾಕಿಂಗ್ ನಿಲ್ಲಬೇಕು.

6. ಕಾಗದ

ಲೋಡ್ ಮುಗಿದ ಮೇಲೆ ಲಾರಿ ಸಿಕ್ಕಿಬೀಳುವ ಸಾಮಾನ್ಯ ಕಾರಣ, ಇ-ವೇ ಬಿಲ್ಲಿನ ಭಾಗ-ಬಿಯಲ್ಲಿರುವ ಲಾರಿ ನಂಬರ್ ಡಾಕಿನಲ್ಲಿರುವ ಲಾರಿಯದಲ್ಲ ಎನ್ನುವುದು. ಬ್ರೋಕರ್ ಕೊನೇ ಗಳಿಗೆಯಲ್ಲಿ ಬೇರೆ ಗಾಡಿ ಕಳಿಸಿರುತ್ತಾರೆ. ಗೇಟಿನಲ್ಲಿ ಓದಿದ ನಂಬರನ್ನು ಇನ್‌ವಾಯ್ಸ್, ಎಲ್‌ಆರ್ (ಲಾರಿ ರಸೀದಿ), ಭಾಗ-ಬಿ ಮೂರರ ಜೊತೆಯೂ ಗೇಟ್ ದಾಟಿದ ಕ್ಷಣವೇ ತಾಳೆ ಹಾಕಿ, ಲೋಡ್ ಮುಗಿಯುವವರೆಗೆ ಕಾಯಬೇಡಿ. ಎಲ್‌ಆರ್ ಫೋಟೋದಿಂದ ಅಕ್ಷರ ತೆಗೆಯುವುದು ಈಗ ಸಲೀಸು, ಆದರೆ ಕೈಬರಹದ ಸಂಖ್ಯೆ ನಂಬುವಂತಿಲ್ಲ. ಅನುಮಾನವಿದ್ದದ್ದನ್ನು ಮನುಷ್ಯರೇ ನೋಡಲಿ.

ಇ-ವೇ ಬಿಲ್ಲಿನ ಅವಧಿಯ ಲೆಕ್ಕದಲ್ಲೂ ಅಂದಾಜು ನೆರವಾಗುತ್ತದೆ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ, ಮೊದಲ ದಿನ ಮುಗಿಯುವುದು ಮರುದಿನದ ನಡುರಾತ್ರಿಗೆ. ರಾತ್ರಿ 11.40ಕ್ಕೆ ಭಾಗ-ಬಿ ತುಂಬಿದ ಬಿಲ್ಲಿಗಿಂತ 12.10ಕ್ಕೆ ತುಂಬಿದ್ದಕ್ಕೆ ಒಂದು ದಿನ ಹೆಚ್ಚು ಬಾಳಿಕೆ. ರಾತ್ರಿ ಪಾಳಿಯಲ್ಲಿ ಲೋಡ್ ಮುಗಿಯುವುದೇ 12.30ಕ್ಕೆ ಎಂದು ಮಾದರಿ ಹೇಳುತ್ತಿದ್ದರೆ ಭಾಗ-ಬಿಯನ್ನು 11ಕ್ಕೇ ತುಂಬಿಡುವ ಅವಸರ ಯಾಕೆ? ಅವಧಿ ವಿಸ್ತರಿಸಲು ಸಿಗುವುದು ಮುಗಿಯುವ ಹಿಂದು ಮುಂದಿನ 8 ಗಂಟೆ ಮಾತ್ರ. ಇಳಿಸುವ ಕಡೆ ಲಾರಿ ನಿಂತುಬಿಟ್ಟಿದ್ದರೆ ಆ ಹೊತ್ತಿಗೆ ಎಚ್ಚರಿಕೆ ಗಂಟೆ ಬಾರಿಸುವಂತೆ ಇಡಿ.

7. ಹಾಲ್ಟಿಂಗ್ ಬಿಲ್, ಮತ್ತು ಮೋಸ ಹೋಗುವ ಅಂಕಿ

ಬಿಲ್ ಮಾಡುವುದನ್ನು ಎಐಗೆ ಬಿಡಬೇಡಿ. ಅದು ಕರಾರಿನ ನೇರ ಲೆಕ್ಕ: ಹೊರಗಡಿ ಮುಟ್ಟಿದ್ದು ಅಥವಾ ಕೊಟ್ಟ ಸರದಿ, ಯಾವುದು ತಡವೋ ಅಲ್ಲಿಂದ ಗಡಿಯಾರ ಶುರು. ಈ ಒಂದು ಸಾಲು ಕರಾರಿಗೆ ಸೇರಿದರೆ ಬೇಗ ಬಂದು ನಿಲ್ಲುವುದರಿಂದ ಲಾಭವಿಲ್ಲ, ಗೇಟಿನ ಹೊರಗೆ ನಿಲ್ಲಿಸುವುದರಿಂದಲೂ ಲಾಭವಿಲ್ಲ. ಆರು ಸಮಯಗಳೂ ಎರಡೂ ಕಡೆಯವರಿಗೆ ಅದೇ ದಿನ ಕಾಣಲಿ, ತಕರಾರಿಗೆ 48 ಗಂಟೆ ಕೊಡಿ. ಇಳಿಸುವ ಕಡೆ ಪಿಒಡಿ (ಮಾಲು ತಲುಪಿದ ರಸೀದಿ) ಮೇಲೆ ಒಳಬಂದ, ಹೊರಬಿದ್ದ ಸಮಯ ಬರೆಸಿ, ಜಾಗ ಸಮೇತ ಫೋಟೋ ತೆಗೆಸಿ.

‘ಗೇಟಿನಿಂದ ಗೇಟಿಗೆ ಸಮಯ’ವನ್ನು ಮ್ಯಾನೇಜರಿನ ಗುರಿಯಾಗಿ ಇಟ್ಟ ತಿಂಗಳೇ ಅದು ಚೆಂದವಾಗಿ ಇಳಿಯುತ್ತದೆ, ಲಾರಿಗಳೆಲ್ಲ ರಸ್ತೆಯಲ್ಲಿ ನಿಂತಿರುತ್ತವೆ. ಗುರಿ ಇಡುವುದಾದರೆ ಹೊರಗಡಿಯಿಂದ ಹೊರಬೀಳುವವರೆಗಿನ ಹೊತ್ತಿಗೆ ಇಡಿ, ಅದನ್ನೂ ಸರಾಸರಿಯಲ್ಲಿ ಅಲ್ಲ, ಹತ್ತರಲ್ಲಿ ಒಂದು ಕೆಟ್ಟ ಲಾರಿ ಎಷ್ಟು ಕಾಯಿತು ಎಂಬುದರಲ್ಲಿ. ಆ ಡ್ರೈವರ್ ಹಗಲೆಲ್ಲ ಬಿಸಿಲಲ್ಲಿ ಕೂತು ಸಂಜೆ ಸ್ಟೇರಿಂಗ್ ಹಿಡಿದು ರಾತ್ರಿಯೆಲ್ಲ ಓಡಿಸುವವರು. ಅಮೆರಿಕದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ 2018ರ ವರದಿಯ ಅಂದಾಜಿನಲ್ಲಿ ಲಾರಿ ಲೋಡಿಂಗ್-ಅನ್‌ಲೋಡಿಂಗ್ ಜಾಗದಲ್ಲಿ ಇರುವ ಸರಾಸರಿ ಹೊತ್ತು 15 ನಿಮಿಷ ಹೆಚ್ಚಿದರೆ ಅಪಘಾತದ ಪ್ರಮಾಣ ಶೇ 6.2 ಏರುತ್ತದೆ.

ಮಾದರಿಯನ್ನು ತಿಂಗಳಿಗೊಮ್ಮೆ ಹೊಸ ದಾಖಲೆಯಿಂದ ಮತ್ತೆ ಕಲಿಸಿ. ಹೊಸ ಮಾಲು ಬಂದಾಗ, ಹಮಾಲರ ಮೇಸ್ತ್ರಿ ಬದಲಾದಾಗ, ಡಾಕ್ ರಿಪೇರಿಗೆ ಹೋದಾಗ ತಿಂಗಳು ಕಾಯಬೇಡಿ. ನೆಟ್ ಹೋದ ದಿನಕ್ಕೆ ಮಾತ್ರ ಒಂದು ಹಳೆಯ ಉಪಾಯ ಉಳಿಸಿಕೊಳ್ಳಿ: ಪ್ರತಿದಿನ ಬೆಳಿಗ್ಗೆ 6ಕ್ಕೆ ಆ ದಿನದ ಸರದಿಯ ಒಂದು ಪ್ರಿಂಟ್ ತೆಗೆದು ಸೆಕ್ಯೂರಿಟಿ ಕ್ಯಾಬಿನ್ನಿನ ಗಾಜಿಗೆ ಒಳಗಿನಿಂದ ಅಂಟಿಸಿ, ಅಕ್ಷರ ಹೊರಗೆ ನಿಂತ ಡ್ರೈವರಿಗೆ ಕಾಣುವಂತೆ.